ಬೆಳ್ಳಿಯ ಮೊದಲ ಕೂದಲು

ನಮ್ಮೂರಲ್ಲಿ ಹೆರಿಗೆಯಾದ ಮನೆಗೆ ಬಂದವರು ಮೊದಲು ಮಗುವಿನ ಮುಖ ನೋಡೋದಿಲ್ಲ, ಹೆತ್ತವರ ಮುಖ ನೋಡ್ತಾರೆ. ‘ಏನು ಹೋಯ್ತು?’ ಅನ್ನೋದೇ ಮೊದಲ ಮಾತು. ಚೊಚ್ಚಲ ಮಗು ಏನು ತಗೊಂಡು ಬರುತ್ತೋ ಅದು ಹೆತ್ತವರಿಂದ ಹೋಯ್ತು ಅಂತಲೇ ಲೆಕ್ಕ. ಮಗುವಿಗೆ ಅಪ್ಪನ ಗಿಣಿಮೂಗು ಬಂದರೆ ಅಪ್ಪ ಅವತ್ತಿನಿಂದ ಮೊಂಡು ಮೂಗಿನವನು. ಪಕ್ಕದ ಮನೆ ಗಂಗಮ್ಮನ ಗಂಡ ಊರಿಗೆಲ್ಲ ಚೆನ್ನಾಗಿ ಹಾಡ್ತಿದ್ದವನು, ಮಗ ಹುಟ್ಟಿದ ದಿನ ಜೋಜೋ ಅನ್ನೋಕೆ ಬಾಯಿ ತೆಗೆದ, ತಗಡು ಎಳೆದ ಸದ್ದು ಬಂತು. ಪಾಪ, ನಗಬಾರದು, ಆದರೂ ಬೀದಿಗೆ ಬೀದಿಯೇ ನಕ್ಕಿತು. ನಮ್ಮಮ್ಮನ ಕೆನ್ನೆಗುಳಿ ನಮ್ಮಕ್ಕನಿಗೆ ಹೋಗಿತ್ತು. ಅಕ್ಕ ನಕ್ಕಾಗಲೆಲ್ಲ ಅಮ್ಮ ಸಾಯೋವರೆಗೂ ತನ್ನ ಕೆನ್ನೆ ಮುಟ್ಟಿ ನೋಡ್ಕೊಳ್ತಿದ್ದಳು. ಎರಡನೇ ಮೂರನೇ ಮಕ್ಕಳಿಂದ ಈ ಕಾಟ ಇಲ್ಲ. ಚೊಚ್ಚಲು ಕಿತ್ಕೊಳ್ಳುತ್ತೆ, ಆಮೇಲಿನವು ನೋಡಿ ಬರ್ಕೊಳ್ಳುತ್ತವೆ ಅಂತ ನಮ್ಮಲ್ಲಿ ಮಾತು. ನಾನು ಎರಡನೆಯವಳು, ಅಪ್ಪನ ಗುಂಗುರು ಕೂದಲು ನೋಡಿ ಬರ್ಕೊಂಡು ಬಂದವಳು.

ಸ್ಕೂಲಲ್ಲಿ ಶೇಷಪ್ಪ ಮೇಷ್ಟ್ರು ಇದನ್ನ ದಾರ ಹಿಡಿದು ಪಾಠ ಮಾಡ್ತಿದ್ದರು. ಒಂದು ಕೆಂಪು ದಾರ, ಒಂದು ಬಿಳಿ ದಾರ ಮುಷ್ಟಿಯಲ್ಲಿ ಮುಚ್ಚಿ, ತುದಿ ಮಾತ್ರ ಹೊರಗೆ ಬಿಟ್ಟು, ಕಣ್ಣು ಮುಚ್ಚಿ ಒಂದನ್ನ ಎಳಿ ಅಂತಿದ್ದರು. ಮನುಷ್ಯನಲ್ಲಿ ಪ್ರತಿಯೊಂದಕ್ಕೂ ಹೀಗೆ ಎರಡೆರಡು ಎಳೆ, ಅಪ್ಪನದೊಂದು, ಅಮ್ಮನದೊಂದು. ಜೋರಿರೋದು ಮೇಲೆ ಕಾಣುತ್ತೆ, ಇನ್ನೊಂದು ಬಾಯಿ ಮುಚ್ಕೊಂಡು ಹಿಂದೆ ಕೂತಿರುತ್ತೆ. ಮಗು ಒಂದನ್ನ ಎಳ್ಕೊಂಡು ಹೋಗುತ್ತೆ. ಉಳಿದ ದಾರ ಎತ್ತಿ ತೋರಿಸಿ, ‘ಇನ್ನು ನಿಮ್ಮಪ್ಪ ಇದರಲ್ಲೇ ಬದುಕಬೇಕು’ ಅಂತಿದ್ದರು ಮೇಷ್ಟ್ರು. ಹೊರಗಿನ ಊರುಗಳಲ್ಲಿ ಈ ಎಳೆಗೆ ವಂಶವಾಹಿ ಅಂತಾರಂತೆ. ಡಿಎನ್ಎ ಅನ್ನೋ ತಿರುಚಿದ ಏಣಿಯಲ್ಲಿ ಅದೆಲ್ಲ ಸಾಲಾಗಿ ಕೂತಿರುತ್ತಂತೆ, ಅಲ್ಲಿ ಮಗುವಿಗೆ ಹೋಗೋದು ಬರೀ ನಕಲಂತೆ, ಮೂಲ ಹೆತ್ತವರ ಹತ್ತಿರವೇ ಉಳಿಯುತ್ತಂತೆ. ನಾವು ಹುಡುಗೀರು ಬಾಯಿ ಬಿಟ್ಕೊಂಡು ಕೇಳ್ತಿದ್ವಿ, ಎಂಥ ಪುಣ್ಯವಂತರಪ್ಪ ಅಂತ.

ಕೆನ್ನೆಗುಳಿ, ಮೂಗು ಹೋದರೆ ಹೋಗಲಿ, ಅದಕ್ಕೆ ಯಾರೂ ಸಾಯೋದಿಲ್ಲ. ನಾನು ಸೊಸೆಯಾಗಿ ಹೋದದ್ದು ನಡುಕದ ಮನೆಗೆ.

ನನ್ನ ಮಾವ ದೊರೆಸ್ವಾಮಿಯವರದು ಸಂತೆ ಬೀದಿಯಲ್ಲಿ ಕಟಿಂಗ್ ಶಾಪು. ಅವರಿಗೆ ಪ್ರಾಯದಲ್ಲೇ ಕೈನಡುಕ ಬಂದಿತ್ತಂತೆ. ಆ ಮನೆಯ ನಡುಕ ಬೆರಳಲ್ಲಿ ಹುಟ್ಟಿ, ತೋಳಿಗೆ ಹೋಗಿ, ಕಾಲಿಗೆ ಇಳಿದು, ಕೊನೆಗೆ ಗಂಟಲಿಗೆ ಬಂದು ನುಂಗೋದನ್ನೇ ನಿಲ್ಲಿಸೋ ಅಂಥದ್ದು. ಅಷ್ಟರಲ್ಲಿ ಅತ್ತೆ ಸಣ್ಣತಾಯಮ್ಮನವರಿಗೆ ಹೆರಿಗೆ ನೋವು ಬಂತು. ನಡುಕದ ಮನೆಯಲ್ಲಿ ಒಂದು ಪದ್ಧತಿ ಇದೆ. ಹೆರಿಗೆ ಹೊತ್ತಿಗೆ ಅಪ್ಪನಾಗೋನು ಹೊಸಿಲಾಚೆ ನಿಂತು ಕಂಠಮಟ್ಟ ತುಂಬಿದ ತಂಬಿಗೆ ಹಿಡ್ಕೊಂಡಿರಬೇಕು, ಊರವರು ಸುತ್ತ ನಿಂತು ನೀರು ನೋಡ್ತಾರೆ. ಮಗು ಅತ್ತಾಗ ನೀರು ಚೆಲ್ಲುತ್ತಲೇ ಇದ್ದರೆ ನಡುಕ ಅಪ್ಪನಲ್ಲೇ ಉಳೀತು. ನೀರು ನಿಂತರೆ ಅಪ್ಪ ಬಚಾವು, ಮಗು ತಗೊಂಡು ಬಂತು. ಅವತ್ತು ಮಾವನ ತಂಬಿಗೆಯಲ್ಲಿ ನೀರು ನಿಂತಿತು. ಜಾಗಟೆ ಬಾರಿಸಿ ಬೀದಿಗೆಲ್ಲ ಬೆಲ್ಲ ಹಂಚಿದರಂತೆ. ಒಳಗೆ ತೊಟ್ಟಿಲಲ್ಲಿ ಮಲಗಿದ್ದ ಮಗುವೇ ನನ್ನ ಗಂಡ ಮುದ್ದುರಾಜ.

ಮಾವನಿಗೆ ಅರವತ್ತು ದಾಟಿದರೂ ಕೈ ಬಂಡೆ. ಗಲ್ಲದ ಕೆಳಗೆ ಕತ್ತಿ ಎಳೆದರೆ ಗಿರಾಕಿ ನಿದ್ದೆ ಹೋಗ್ತಿದ್ದ. ಆ ಕೈ ಯಾರಿಂದ ಬಂತು ಅಂತ ಅವರಿಗೆ ಒಂದು ಗಳಿಗೆಯೂ ಮರೆತಿರಲಿಲ್ಲ. ಊಟಕ್ಕೆ ಗೋಡೆಗೆ ಮುಖ ಮಾಡಿ ಕೂರ್ತಿದ್ದರು. ಹೊಸದರಲ್ಲಿ ನಾನು, ‘ಯಾಕತ್ತೆ, ಮಾವನಿಗೆ ನಮ್ಮ ಮೇಲೆ ಕೋಪವಾ?’ ಅಂತ ಕೇಳಿದ್ದೆ. ‘ಮಗನ ಎದುರಿಗೆ ಆ ಕೈಯಲ್ಲಿ ತುತ್ತು ಎತ್ತೋಕೆ ಆಗಲ್ಲ ಅಂತಾರೆ ಕಣಮ್ಮ, ಬಿಡು’ ಅಂದರು.

ಗೊತ್ತಿದ್ದೂ ಯಾಕೆ ಆ ಮನೆಗೆ ಹೋದೆ ಅಂತ ನಮ್ಮಪ್ಪನೂ ಕೇಳಿದರು, ನೀವೂ ಕೇಳ್ತೀರಿ. ಇವರು, ಅಂದರೆ ನನ್ನ ಗಂಡ, ಆಗ ನಮ್ಮ ತಾತನಿಗೆ ಕ್ಷೌರ ಮಾಡೋಕೆ ಮನೆಗೆ ಬರ್ತಿದ್ದರು. ಒಂದು ದಿನ ನಾನು ಜಗುಲಿಯಲ್ಲಿ ಕೂತು ತಲೆ ಬಾಚ್ಕೊಳ್ತಾ, ನನ್ನ ಗುಂಗುರಿಗೆ ಸಿಕ್ಕಿ ಬಾಚಣಿಗೆ ಮುರಿದು, ಆ ಕೂದಲಿಗೆ ಬಾಯಿಗೆ ಬಂದ ಹಾಗೆ ಬೈತಿದ್ದೆ. ಇವರು ತಲೆ ಎತ್ತಿಯೂ ನೋಡಲಿಲ್ಲ. ಮುಂದಿನ ಸಲ ಬಂದಾಗ ಅಗಲ ಹಲ್ಲಿನ ಮರದ ಬಾಚಣಿಗೆ ಒಂದನ್ನ ತಾತನ ಪಕ್ಕ ಇಟ್ಟು, ‘ಕೆಳಗಿಂದ ಬಿಡಿಸ್ಕೊಂಡು ಬರಬೇಕು, ಮೇಲಿಂದ ಎಳೀಬಾರದು ಅಂತ ಹೇಳಿ’ ಅಂದು ಹೋದರು. ಅಷ್ಟೇ. ಅವರಿಗೆ ಯಾರೂ ಹೆಣ್ಣು ಕೊಡ್ತಿರಲಿಲ್ಲ. ನನಗೆ ಬೇರೆ ಯಾರೂ ಬೇಡ ಅನ್ನಿಸಿತು. ಹುಚ್ಚುಮುಂಡೇದು ಅಂತ ಬೈದ ಅಪ್ಪನೇ ಕೊನೆಗೆ ಧಾರೆ ಎರೆದು ಕೊಟ್ಟರು.

ಮದುವೆಯಾದ ಎರಡನೇ ವರ್ಷ ಶುರುವಾಯ್ತು. ಬಲಗೈ ಹೆಬ್ಬೆರಳು ತೋರುಬೆರಳು ತಮ್ಮ ಪಾಡಿಗೆ ತಾವು ಉಜ್ಜಿಕೊಳ್ಳೋವು, ಕಾಣದ ಸಣ್ಣ ಗುಳಿಗೆ ಉಂಡೆ ಕಟ್ಟೋ ಹಾಗೆ. ಇವರು ಆ ಕೈ ಜೇಬಿಗೆ ಹಾಕ್ಕೊಂಡರು. ಆಮೇಲೆ ಒಬ್ಬ ಗಿರಾಕಿಯ ಕಿವಿಯ ಹಿಂದೆ ಕತ್ತಿ ತಗುಲಿ ರಕ್ತ ಬಂತು. ಅವತ್ತಿನಿಂದ ಇವರು ಅಂಗಡಿಯಲ್ಲಿ ಕೂದಲು ಗುಡಿಸೋದು, ತಲೆಗೆ ಎಣ್ಣೆ ತಿಕ್ಕೋದು, ಅಷ್ಟೇ ಮಾಡ್ತಿದ್ದರು. ಮಾವ ಈ ವಯಸ್ಸಲ್ಲಿ ನಿಂತು ಕ್ಷೌರ ಮಾಡೋರು.

ಆ ಹೊತ್ತಿಗೆ ಸರಿಯಾಗಿ ನಾನು ಬಸುರಿಯಾದೆ.

ಬೇರೆ ಹೆಂಗಸರು ಬಸುರಲ್ಲಿ ಹುಣಿಸೆಕಾಯಿ ಬಯಸ್ತಾರೆ. ನಾನು ಮೇಷ್ಟ್ರ ಮುಷ್ಟಿಯನ್ನೇ ಕನವರಿಸ್ತಿದ್ದೆ. ಇವರಲ್ಲಿ ಎರಡು ಎಳೆ. ಮಾವನಿಂದ ಬಂದ ನಡುಕದ್ದು ಒಂದು, ಅತ್ತೆಯಿಂದ ಬಂದ ನೆಟ್ಟಗಿರೋದು ಒಂದು. ಮಗು ನಡುಕದ್ದನ್ನ ಎಳೆದರೆ ಇವರಿಗೆ ನೆಟ್ಟಗಿರೋದು ಉಳಿಯುತ್ತೆ, ಇವರು ಬದುಕ್ತಾರೆ, ನನ್ನ ಮಗು ಮೂವತ್ತಕ್ಕೆ ನಡುಗೋಕೆ ಶುರು ಮಾಡುತ್ತೆ. ನೆಟ್ಟಗಿರೋದನ್ನ ಎಳೆದರೆ ಮಗು ಬಚಾವು, ಇವರಲ್ಲಿ ನಡುಕವೊಂದೇ ಉಳಿಯುತ್ತೆ. ಒಂದೇ ಎಳೆ ಉಳಿದವರಿಗೆ ಅದನ್ನ ತಡೆಯೋಕೆ ಪಕ್ಕದಲ್ಲಿ ಇನ್ನೊಂದಿರೋದಿಲ್ಲ, ಬೇಗ ಹೋಗ್ತಾರೆ. ಮಾವನ ಚಿಕ್ಕಪ್ಪ ಈರಣ್ಣಜ್ಜನಿಗೆ ಹಾಗೇ ಆಗಿತ್ತು. ಮಗು ಅಪ್ಪಾ ಅನ್ನೋ ಹೊತ್ತಿಗೆ ಕೇಳೋಕೆ ಅವರಿರಲಿಲ್ಲ. ಹೊಟ್ಟೆಯೊಳಗೆ ಮಗು ಒದ್ದಾಗಲೆಲ್ಲ ನನಗೆ ಭಯ ಆಗ್ತಿತ್ತು, ಈಗ ಯಾವುದಕ್ಕೆ ಕೈ ಹಾಕ್ತೋ ಅಂತ.

ಏಳನೇ ತಿಂಗಳಲ್ಲಿ ಒಂದು ದಿನ ಅತ್ತೆ ರಾಗಿ ಬೀಸ್ತಾ ಇದ್ದವರು ಕೈ ನಿಲ್ಲಿಸಿದರು.

‘ಇಂದ್ರಾಣಿ, ಕೋಪ ಮಾಡ್ಕೋಬೇಡ. ಮಾರಮ್ಮನಿಗೆ ಹರಕೆ ಹೊತ್ತಿದ್ದೀನಿ.’

‘ಏನಂತ ಅತ್ತೆ?’

‘ನನ್ನ ಮಗನ ಕೈ ನಿಲ್ಲಲಿ ಅಂತ.’

‘ಅಂದರೆ ನನ್ನ ಮಗು ತಗೊಳ್ಳಲಿ ಅಂತಲಾ?’

‘ನಿನಗೆ ಇನ್ನೊಂದು ಹುಟ್ಟುತ್ತಮ್ಮ. ನನಗಿರೋನು ಅವನೊಬ್ಬನೇ.’

‘ನಿಮ್ಮ ಬಾಯಲ್ಲಿ ಹುಳ ಬೀಳ’ ಅಂದುಬಿಟ್ಟೆ. ಅತ್ತೆಗೆ ಹಾಗನ್ನಬಾರದು, ಅಂದೆ. ಅವರು ಸೆರಗಿನಲ್ಲಿ ಮುಖ ಒರೆಸ್ಕೊಂಡು, ‘ಇವನು ಹುಟ್ಟಿದಾಗ ಜಾಗಟೆ ಬಾರಿಸಿದೋಳು ನಾನೇ ಕಣೆ. ಹಸಿ ಬಾಣಂತಿ, ಮಂಚದಿಂದ ಎದ್ದು ಬಂದು ಬಾರಿಸಿದೆ. ಗಂಡ ಉಳಿದ ಅಂತ. ಮಗುವಿನ ಕಡೆ ನೋಡಲೇ ಇಲ್ಲ’ ಅಂದರು. ಮತ್ತೆ ರಾಗಿ ಬೀಸೋಕೆ ಶುರು ಮಾಡಿದರು. ಅವರನ್ನ ದ್ವೇಷ ಮಾಡೋಣ ಅಂದರೆ ಅದೂ ನನ್ನ ಕೈಲಾಗಲಿಲ್ಲ. ಆದರೆ ಅವತ್ತಿನಿಂದ ಅವರು ಕೊಟ್ಟ ಹಾಲು ಕುಡಿಯೋಕೂ ಹೆದರ್ತಿದ್ದೆ.

ಇವರಿಗೆ ಹೇಳಿದೆ. ಇವರು ಅಂಗಡಿ ಬಾಗಿಲು ಹಾಕಿ ಬಂದು ಜಗುಲಿಯಲ್ಲಿ ಕೂತಿದ್ದರು, ಬಲಗೈ ತೊಡೆಯ ಕೆಳಗೆ ಒತ್ತಿಟ್ಕೊಂಡು.

‘ಅಮ್ಮನಿಗೆ ಬೈಬೇಡ’ ಅಂದರು. ‘ಸಾಯೋದು ನನಗೆ ಅಷ್ಟು ದೊಡ್ಡದಲ್ಲ ಕಣೆ. ಹುಟ್ಟಿದ ದಿನದಿಂದ ನೋಡಿಸಿಕೊಂಡೆನಲ್ಲ, ಅದು. ಗೋಲಿ ಆಡೋಕೆ ಹೋದರೆ, ಕೈ ಚಾಚೋ ನೋಡೋಣ ಅನ್ನೋರು. ಮದುವೆ ಮನೆಗೆ ಹೋದರೆ, ಸೂಜಿಗೆ ದಾರ ಪೋಣಿಸು ಮರಿ ಅನ್ನೋರು, ಸುಮ್ಮನೆ ಪರೀಕ್ಷೆಗೆ. ಚಳಿಗೆ ನಡುಗಿದರೂ ಸಾಕು, ಶುರುವಾಯ್ತು ಅಂತ ಓಡಿಹೋಗಿ ಹೇಳೋರು. ಕೈ ಚೆನ್ನಾಗಿದ್ದ ಅಷ್ಟು ವರ್ಷವೂ ಅದು ನನ್ನದಾಗಿರಲಿಲ್ಲ, ಊರವರದಾಗಿತ್ತು.’

‘ಈಗ ಅದೆಲ್ಲ ಯಾಕೆ?’ ಅಂದೆ.

‘ಸುಮ್ಮನೆ ಹೇಳಿದೆ. ಬಾ, ತಲೆ ಬಾಚ್ತೀನಿ.’

ನಡುಗೋ ಕೈಯಲ್ಲೇ ಬಾಚಿದರು, ಕೆಳಗಿಂದ ಬಿಡಿಸ್ಕೊಂಡು.

ನೋವು ಬಂದದ್ದು ಬೆಳಗ್ಗೆ, ಇಡೀ ಬೀದಿ ಎಚ್ಚರ ಇರೋ ಹೊತ್ತಲ್ಲಿ. ಸೂಲಗಿತ್ತಿ ಚೌಡಮ್ಮ ಒಳಗೆ ಬಂದಳು, ಊರವರು ಹೊರಗೆ ನೆರೆದರು. ಬಾಗಿಲು ಅರ್ಧ ಮುಚ್ಚಿತ್ತು. ಸಂದಿಯಲ್ಲಿ ಇವರ ಬೆನ್ನಿನ ಒಂದು ತುಂಡು ಕಾಣ್ತಿತ್ತು, ಕೈಯಲ್ಲಿ ತಂಬಿಗೆ, ಪಕ್ಕದಲ್ಲಿ ಜಾಗಟೆ ಹಿಡಿದ ಅತ್ತೆ. ತಂಬಿಗೆಯಿಂದ ನೀರು ತೊಟ್ಟು ತೊಟ್ಟಾಗಿ ಹೊಸಿಲ ಮೇಲೆ ಬೀಳೋ ಸದ್ದು ನನಗೆ ಕೇಳ್ತಿತ್ತು. ನನ್ನ ಚೀರಾಟದ ನಡುವೆ ಅದು ಹೇಗೆ ಕೇಳಿಸ್ತೋ ದೇವರೇ ಬಲ್ಲ. ದೇವರ ಹತ್ತಿರ ನಾನು ಏನೂ ಕೇಳಲಿಲ್ಲ. ಮಗು ಉಳಿಸಪ್ಪಾ ಅಂದರೆ ಗಂಡನ್ನ ಕರ್ಕೋ ಅಂದ ಹಾಗೆ. ಗಂಡನ್ನ ಉಳಿಸು ಅಂದರೆ ಇನ್ನೊಂದು. ಹಲ್ಲು ಕಚ್ಚಿ, ಮುಕ್ಕು, ಮುಕ್ಕು ಅಂತ ಚೌಡಮ್ಮ ಹೇಳಿದ್ದನ್ನಷ್ಟೇ ಮಾಡಿದೆ.

ಮಗು ಅತ್ತಿತು. ಹೊರಗೆ ಒಂದು ಉಸಿರಿನಷ್ಟು ಹೊತ್ತು ಯಾರೂ ಮಾತಾಡಲಿಲ್ಲ. ತೊಟ್ಟಿಕ್ಕೋ ಸದ್ದೂ ಕೇಳಲಿಲ್ಲ. ಅಯ್ಯೋ ನನ್ನ ಕಂದ ಅಂದ್ಕೊಂಡೆ. ಅಷ್ಟರಲ್ಲಿ ಠಣಾರ್ ಅಂತ ತಂಬಿಗೆ ನೆಲಕ್ಕೆ ಬಿತ್ತು, ಉರುಳಿತು. ‘ಚೆಲ್ಲಿತು! ಪೂರ್ತಿ ಚೆಲ್ಲಿತು!’ ಅಂತ ಗಂಗಮ್ಮ ಕೂಗಿದಳು. ಅತ್ತೆ ಜಾಗಟೆ ಬಿಸಾಕಿ ಗೋಳೋ ಅಂತ ಅತ್ತರು. ನನಗೆ ಅಳು ಬಂತು, ಅದರೊಳಗೆ ಸ್ವಲ್ಪ ಸಂತೋಷವೂ ಇತ್ತು, ಆ ಸಂತೋಷಕ್ಕೆ ನನ್ನನ್ನ ನಾನೇ ಹೊಡ್ಕೋಬೇಕು ಅನ್ನಿಸಿತು. ಚೌಡಮ್ಮ ಮಗುವನ್ನ ಎದೆಗೆ ಕೊಟ್ಟಳು. ಹೆಣ್ಣು. ತಲೆ ತುಂಬ ಕರೀ ಗುಂಗುರು. ಬೆವರಲ್ಲಿ ನನ್ನ ಮುಖಕ್ಕೆ ಅಂಟಿದ್ದ ಕೂದಲು ಸರಿಸ್ಕೊಂಡೆ, ದಾರದ ಹಾಗೆ ನೆಟ್ಟಗಿತ್ತು. ನನ್ನಿಂದ ಅವಳು ತಗೊಂಡದ್ದು ನನ್ನ ಗುಂಗುರನ್ನ.

ಬೆಳ್ಳಿ ಅಂತ ಹೆಸರಿಟ್ಟೆವು. ಆಮೇಲಿನ ದಿನಗಳನ್ನ ನಾನು ಹೇಗೆ ಕಳೆದೆ ಅಂತ ಕೇಳಬೇಡಿ. ಬೆಳ್ಳಿ ನಕ್ಕರೆ ಇವರೂ ನೋಡಿದರಲ್ಲ ಸದ್ಯ ಅಂತ ಸಮಾಧಾನ, ಬೋರಲು ಬಿದ್ದರೆ ಅಂಬೆಗಾಲಿಡೋದನ್ನ ನೋಡ್ತಾರೋ ಇಲ್ಲವೋ ಅಂತ ಸಂಕಟ. ಇವರ ನಡುಕ ಈಗ ಬೆರಳಲ್ಲಿರಲಿಲ್ಲ, ಎರಡೂ ಕೈಗೆ ಬಂದಿತ್ತು. ಊಟದಲ್ಲಿ ಅನ್ನ ಚೆಲ್ಲೋರು, ಲೋಟ ಎತ್ತಿದರೆ ಅಂಗಿ ಮೇಲೆಲ್ಲ ಕಾಫಿ. ಅಂಗಡಿಗೆ ಹೋಗೋದನ್ನೇ ಬಿಟ್ಟರು. ಮಗುವನ್ನ ನಿಂತು ಎತ್ತಿಕೊಳ್ತಿರಲಿಲ್ಲ. ಗೋಡೆಗೊರಗಿ ಕೂತು, ಕಾಲ ಮೇಲೆ ಹಾಕಿಸ್ಕೊಂಡು ನೋಡ್ತಾ ಇರೋರು. ಪ್ರತಿ ಊಟಕ್ಕೂ ನಾನು ಅವರ ಗಂಟಲನ್ನೇ ನೋಡ್ತಿದ್ದೆ, ತುತ್ತು ಇಳೀತಾ ಅಂತ. ಸ್ವಲ್ಪ ಕೆಮ್ಮಿದರೆ ನನ್ನ ಜೀವ ಬಾಯಿಗೆ ಬರೋದು. ನಿದ್ದೆಯಲ್ಲಿ ಮಾತ್ರ ಅವರ ಕೈ ಸುಮ್ಮನಿರ್ತಿತ್ತು, ಆದರೆ ನಡುಕದವರಿಗೆಲ್ಲ ನಿದ್ದೆಯಲ್ಲಿ ಹಾಗೇ ಅಂತ ಅತ್ತೆ ಹೇಳಿದ್ದರು.

ಬೆಳ್ಳಿ ಅಪ್ಪಾ ಅಂದಳು. ಕೇಳೋಕೆ ಇವರು ಇದ್ದರು. ಗಂಟಲಿಗೆ ಏನೂ ಬಂದಿರಲಿಲ್ಲ. ಮಾರಮ್ಮ ತಡೆದು ಹಿಡಿದಿದ್ದಾಳೆ ಅಂತ ಅತ್ತೆ ಹೊಸದಾಗಿ ಹರಕೆ ಹೊತ್ತರು. ನಾನೂ ಕೈ ಮುಗಿದೆ. ಇನ್ನೇನು ಮಾಡಲಿ?

ಅಷ್ಟೊತ್ತಿಗೆ ಮೊದಲ ಕೂದಲು ತೆಗೆಯೋ ಹೊತ್ತು ಬಂತು. ಚೊಚ್ಚಲ ಮಗು ತಗೊಂಡದ್ದರಲ್ಲಿ ಒಂದು ಹಿಡಿ ವಾಪಸ್ ಕೊಡಬೇಕು ಅನ್ನೋದು ನಮ್ಮೂರ ಶಾಸ್ತ್ರ. ಯಾರ ಕೂದಲು ತಗೊಂಡಿದೆಯೋ ಅವರ ಮಡಿಲಲ್ಲಿ ಮಗುವನ್ನ ಕೂರಿಸಿ, ಹೆತ್ತವರಲ್ಲಿ ಇನ್ನೊಬ್ಬರು ಕೂದಲು ತೆಗೆದು ಅವರ ಸೆರಗಿಗೆ ಹಾಕಬೇಕು. ಬೇರೆ ಮನೆಗಳಲ್ಲಿ ಕತ್ತರಿಯಿಂದ ಒಂದು ಎಳೆ ಕತ್ತರಿಸಿ ಉಳಿದದ್ದನ್ನ ನಮ್ಮ ಮಾವನಂಥ ಕ್ಷೌರದವರ ಕೈಗೆ ಬಿಡ್ತಾರೆ. ಕ್ಷೌರದವರ ಮನೆಯಲ್ಲಿ ಹಾಗಲ್ಲ, ಕತ್ತಿಯಿಂದಲೇ ತೆಗೀಬೇಕು, ಹೆತ್ತವರೇ ತೆಗೀಬೇಕು. ಇಲ್ಲದಿದ್ದರೆ ಮಗು ಕಿತ್ಕೊಳ್ಳೋದನ್ನ ನಿಲ್ಲಿಸೋದಿಲ್ಲ, ಒಂದೊಂದಾಗಿ ಎಲ್ಲಾ ಎಳ್ಕೊಳ್ತಾ ಹೋಗುತ್ತೆ ಅಂತ ಹೆದರಿಕೆ.

‘ನಾನು ತೆಗೀತೀನಿ. ಆ ಕೈಯಲ್ಲಿ ಕತ್ತಿ ಕೊಟ್ಟು ಕೂಸಿನ ತಲೆ ಒಡ್ಡೋಕಾಗುತ್ತಾ?’ ಅಂದರು ಮಾವ.

ಬೀದಿಯ ಹಿರಿಯರು ಒಪ್ಪಲಿಲ್ಲ. ಶಾಸ್ತ್ರ ತಪ್ಪಿ ನಾಳೆ ತಾಯಿಯ ಕಣ್ಣು ಹೋದರೆ ಏನು ಮಾಡ್ತೀಯ ದೊರೆಸ್ವಾಮಿ, ಅಂದರು. ಕೊನೆಗೆ, ಕತ್ತಿ ಮಗನ ಕೈಯಲ್ಲಿರಲಿ, ಮಣಿಕಟ್ಟು ಅಪ್ಪ ಹಿಡ್ಕೊಳ್ಳಲಿ ಅಂತಾಯ್ತು.

ಅಂಗಳದಲ್ಲಿ ಮಣೆ ಹಾಕಿದರು. ಯಾರೂ ಮನೆಯಲ್ಲಿ ಉಳಿಯಲಿಲ್ಲ, ಬೀದಿಯೆಲ್ಲ ಬಂದಿತ್ತು. ನಡುಗೋ ಅಪ್ಪ ಹಸುಗೂಸಿನ ತಲೆಗೆ ಕತ್ತಿ ಇಡೋದನ್ನ ನೋಡೋಕೆ ಎಂಥ ಆಸೆಯೋ ಇವರಿಗೆ! ಬೆಳ್ಳಿಯನ್ನ ಮಡಿಲಲ್ಲಿ ಕೂರಿಸ್ಕೊಂಡು ಗಲ್ಲ ಹಿಡಿದಿದ್ದೆ. ತಲೆಗೆ ಬಿಸಿನೀರು ಸವರಿದಾಗ ಗುಂಗುರು ಬುರುಡೆಗೆ ಅಂಟಿ, ನೆತ್ತಿಯ ಮೆತ್ತನೆ ಜಾಗ ಉಸಿರಾಡೋ ಹಾಗೆ ಏಳೋದು ಇಳಿಯೋದು ಕಂಡಿತು. ಮಾವ ತೊಗಲಿನ ಪಟ್ಟಿಗೆ ಕತ್ತಿ ಮಸೆದರು. ಬೇಡ ರೀ, ಎದ್ದು ಹೋಗ್ತೀನಿ, ಏನು ಬೇಕಾದರೂ ಹೋಗಲಿ ನನ್ನಿಂದ, ಅಂತ ಬಾಯಿಗೆ ಬಂದಿತ್ತು.

ಇವರು ನನ್ನ ಎದುರಿಗೆ ಕೂತರು. ಕೈ ಅಲ್ಲಾಡ್ತಾ ಇತ್ತು. ಮಾವ ಹಿಂದಿನಿಂದ ಬಂದು ಮಣಿಕಟ್ಟು ಹಿಡಿದರು. ಕತ್ತಿ ಬೆಳ್ಳಿಯ ಹಣೆಯ ಮೇಲೆ ಕೂದಲಂಚಿಗೆ ಬಂತು. ಮುಟ್ಟಿತು.

ಮುಟ್ಟಿದ ಗಳಿಗೆಗೆ ನಡುಕ ನಿಂತಿತು.

ಮಾವನ ಹಿಡಿತದಿಂದ ನಿಂತಿತು ಅಂದ್ಕೊಂಡೆ. ಆದರೆ ಮಾವನ ಮುಖ ನೋಡಿದೆ. ಬೂದಿ ಬಣ್ಣಕ್ಕೆ ತಿರುಗಿತ್ತು. ಆಯಸ್ಸೆಲ್ಲ ಕೈಯಿಂದಲೇ ದುಡಿದ ಮನುಷ್ಯ, ನಡುಕ ಏನು ಅಂತ ತನ್ನ ಮೈಯಲ್ಲೇ ಕಂಡವರು. ಹಿಡಿದ ಮಣಿಕಟ್ಟಿನೊಳಗೆ ಏನಿದೆ, ಏನಿಲ್ಲ ಅಂತ ಅವರಿಗೆ ತಿಳೀದೇ ಇರುತ್ತಾ? ಅವರ ಬೆರಳುಗಳು ಸಡಿಲವಾಗಿ ಜಾರಿದವು. ಕತ್ತಿ ಒಂದೇ ಸಮ ಹಿಂದಕ್ಕೆ ಹೋಯ್ತು, ಹಣೆಯಿಂದ ನೆತ್ತಿಯ ತನಕ, ಮೆತ್ತನೆ ಜಾಗವನ್ನ ಬಳಸ್ಕೊಂಡು, ಯಾರೂ ಹಿಡಿಯದ ಕೈಯಲ್ಲಿ, ಎಳ್ಳಷ್ಟೂ ಅಲುಗದೆ. ಮೊದಲ ಗುಂಗುರು ನನ್ನ ಸೆರಗಿಗೆ ಬಿತ್ತು. ಕೂಸಿನ ತಲೆಯ ಮೇಲೆ ನಾಟಕ ಆಡೋಕೆ ಇವರಿಂದ ಆಗಲಿಲ್ಲ.

ನನಗೆ ಎಲ್ಲಾ ಒಟ್ಟಿಗೆ ತಿಳೀತು. ತೊಟ್ಟಿಕ್ಕೋದು ನಿಂತದ್ದು, ಆಮೇಲೆ ತಂಬಿಗೆ ಬಿದ್ದದ್ದು. ಉಂಡೆ ಕಟ್ಟೋ ಬೆರಳುಗಳು ಅವತ್ತಿನಿಂದ ಉಂಡೆ ಕಟ್ಟೋದನ್ನ ಬಿಟ್ಟದ್ದು. ಇವರು ಸಾಯೋದಿಲ್ಲ. ನನ್ನ ಗಂಡ ಸಾಯೋದಿಲ್ಲ! ಹಾಗಂತ ಮೈಯೆಲ್ಲ ಹಗುರಾದ ಹೊತ್ತಿಗೇ ನನ್ನ ಮಡಿಲಲ್ಲಿ ಕೂತವಳ ಭಾರ ತಿಳೀತು. ಅವಳು ಎರಡೂ ಕೈಯಲ್ಲಿ ನನ್ನ ಬಳೆ ಹಿಡ್ಕೊಂಡು ಆಡ್ತಿದ್ದಳು.

ಇವರು ನನ್ನನ್ನ ನೋಡಿದರು. ಅವರ ಕಣ್ಣಲ್ಲಿ ಅಂಥ ಭಯ ನಾನು ಎಂದೂ ಕಂಡಿರಲಿಲ್ಲ, ನಡುಕ ಶುರುವಾದಾಗಲೂ.

ಎಡಕ್ಕೆ ಗಂಗಮ್ಮ ಕತ್ತು ಉದ್ದ ಮಾಡಿ ನೋಡ್ತಿದ್ದಳು. ಹುಬ್ಬು ಗಂಟಾಗಿತ್ತು. ‘ಅಯ್ಯೋ, ನೋಡ್ರೇ ಇಲ್ಲಿ, ಅವನ ಕೈ...’ ಅಂತ ಬಾಯಿ ತೆಗೆದಳು.

ನಾನು ಯೋಚನೆ ಮಾಡಲಿಲ್ಲ. ನಾಳೆ ಬೆಳ್ಳಿಗೆ ಕೈ ಚಾಚು ಅನ್ನೋರು, ಸೂಜಿ ಪೋಣಿಸು ಮರಿ ಅನ್ನೋರು ಎಲ್ಲರೂ ಅಲ್ಲೇ ಸುತ್ತ ನಿಂತಿದ್ದರು. ಮೊಣಕಾಲಿನಿಂದ ಇವರ ಮೊಣಕೈಗೆ ಗುದ್ದಿದೆ.

ಕತ್ತಿ ಜಾರಿತು. ಕಿವಿಯ ಮೇಲೆ ಒಂದು ಬೆರಳುದ್ದ ಕೆಂಪು ಗೆರೆ ಎದ್ದು, ಆಮೇಲೆ ರಕ್ತ ಇಳೀತು. ಬೆಳ್ಳಿ ಒಂದು ಗಳಿಗೆ ಸುಮ್ಮನಿದ್ದು, ಉಸಿರು ಕಟ್ಟಿ, ಚೀರಿದಳು. ‘ನಡುಗಿತು! ನಾನು ಹೇಳಲಿಲ್ವಾ, ನಡುಕದವನ ಕೈಗೆ ಕತ್ತಿ ಕೊಡ್ತಾರಾ ಯಾರಾದರೂ!’ ಅಂತ ಜನ ಹೋ ಅಂತ ಎದ್ದರು. ಗಂಗಮ್ಮನ ಮಾತು ಅದರಲ್ಲಿ ಮುಳುಗಿಹೋಯ್ತು, ಅವಳೇ ಎಲ್ಲರಿಗಿಂತ ಜೋರಾಗಿ, ‘ಅಯ್ಯೋ ಕೂಸೇ’ ಅಂತ ಅತ್ತಳು. ಅತ್ತೆ ಅರಿಶಿನ ತರೋಕೆ ಒಳಗೋಡಿದರು. ಮಾವ ಮಗನ ಕೈಯಿಂದ ಕತ್ತಿ ಬಿಡಿಸ್ಕೊಂಡು, ‘ಮೊದಲ ಗೀಟು ಅಪ್ಪನೇ ಎಳೆದಾಯ್ತು, ಶಾಸ್ತ್ರ ಮುಗೀತು, ಎಲ್ಲ ಮನೆಗೆ ಹೋಗಿ’ ಅಂದರು. ಅವರ ದನಿಗೆ ಯಾರೂ ಎದುರಾಡಲಿಲ್ಲ. ಇವರ ಎರಡೂ ಕೈ ಅಲ್ಲಾಡ್ತಾ ಇದ್ದವು. ಈಗ ಅದು ನಾಟಕವಾಗಿರಲಿಲ್ಲ ಅಂತ ಕಾಣುತ್ತೆ.

ಒಳಗೆ ಬೆಳ್ಳಿ ನಿದ್ದೆ ಹೋದ ಮೇಲೆ, ‘ನಿಮ್ಮ ಮನೆ ಹಾಳಾಗ’ ಅಂತ ಬೈದೆ. ‘ಪ್ರತಿ ತುತ್ತಿಗೂ ನಿಮ್ಮ ಗಂಟಲು ನೋಡ್ಕೊಂಡು ಸತ್ತೆನಲ್ಲ, ನನಗಾದರೂ ಹೇಳಬಾರದಿತ್ತಾ?’

‘ನಿನಗೆ ಹೇಳಿದ್ದರೆ ಅವಳ ಗಂಟಲು ನೋಡ್ತಿದ್ದೆ’ ಅಂದರು. ‘ಅವಳು ಅತ್ತಾಗ ತಂಬಿಗೆ ಕಲ್ಲಿನ ಹಾಗೆ ನಿಂತುಬಿಡ್ತು ಕಣೆ. ನೀರಲ್ಲಿ ನನ್ನ ಮುಖ ಕಾಣ್ತು. ಅಮ್ಮ ಜಾಗಟೆ ಎತ್ತಿದ್ದು ಕಣ್ಣಂಚಲ್ಲಿ ಕಂಡೆ. ಅದು ಬಾರಿಸಿದರೆ ಅವಳ ಕೈ ಅವತ್ತಿಂದಲೇ ಊರವರದು. ಕೈ ಬಿಟ್ಟೆ.’

ಅವರ ಕೈ ಹಿಡ್ಕೊಂಡೆ. ಬೆಚ್ಚಗೆ, ಸುಮ್ಮನೆ ಇತ್ತು. ಆ ಕೈಗೆ ಮುಖ ಒತ್ತಿ ಅಳ್ತಾ ಕೂತೆ. ಅದು ಎಲ್ಲಿಂದ ಬಂತು ಅಂತ ನೆನಪಾಗಿ ಬಿಟ್ಟುಬಿಟ್ಟೆ, ಮತ್ತೆ ಹಿಡ್ಕೊಂಡೆ.

ಅವತ್ತು ಊಟಕ್ಕೆ ಮಾವ ಗೋಡೆಗೆ ಬೆನ್ನು ಹಾಕಿ ಮಗನ ಎದುರಿಗೇ ಕೂತರು. ಅತ್ತೆ ನೋಡ್ತಿದ್ದರು ಅಂತ ಇವರು ಅನ್ನ ಚೆಲ್ಕೊಂಡು ಉಂಡರು. ಚೆಲ್ಲಿದ್ದನ್ನ ಮಾವ ಆಯ್ದು ಮಗನ ತಟ್ಟೆಗೆ ಹಾಕಿದರು.

ಅದಾಗಿ ಆರು ವರ್ಷ. ಇವರು ಈಗ ಸ್ವಲ್ಪ ಕಾಲು ಎಳೀತಾರೆ, ಅದನ್ನ ಕಲಿಸಿದವಳು ನಾನು. ‘ಎಡಗಾಲು ರೀ, ನಿನ್ನೆ ಎಡಗಾಲಲ್ಲವಾ’ ಅಂತ ಬಾಗಿಲು ದಾಟೋ ಮುಂಚೆ ನೆನಪಿಸ್ತೀನಿ. ಇಷ್ಟು ವರ್ಷ ಉಳಿದದ್ದು ಮಾರಮ್ಮನ ಮಹಿಮೆ ಅಂತ ಊರು ಒಪ್ಪಿದೆ. ಮಾವನ ಕಣ್ಣು ಮಂಜಾಗಿ ಅಂಗಡಿ ಬಾಗಿಲು ಹಾಕಿದೆ. ಊರಲ್ಲೇ ಒಳ್ಳೇ ಕೈ ಈಗ ನಮ್ಮನೆ ಜಗುಲಿ ಮೇಲೆ ಸುಳ್ಳೇ ನಡುಗ್ತಾ ಕೂತಿರುತ್ತೆ. ಬೆಳ್ಳಿ ದೊಡ್ಡವಳಾದ ಮೇಲೆ, ಮದುವೆ ಮಾತು ಬರೋ ಮುಂಚೆ, ಅವಳಿಗೆ ಹೇಳಲೇಬೇಕು. ಅವಳೂ ಒಂದು ದಿನ ಹೊಸಿಲ ಒಳಗೆ ಹೆರಿಗೆಗೆ ಮಲಗೋಳಲ್ಲವಾ? ಯಾರು ಹೇಳೋದು ಅಂತ ನಾವಿಬ್ಬರೂ ಇನ್ನೂ ಮಾತಾಡಿಲ್ಲ.

ಕಿವಿಯ ಮೇಲೆ ಅವಳಿಗೆ ಗೆರೆ ಹಾಗೇ ಇದೆ, ಅಲ್ಲಿ ಗುಂಗುರು ಹುಟ್ಟೋದಿಲ್ಲ. ‘ನಮ್ಮಪ್ಪನ ಕೈ ನಡುಗಿ ಆದದ್ದು’ ಅಂತ ಎಲ್ಲರಿಗೂ ತೋರಿಸ್ತಾಳೆ. ಊರವರು ಅವಳ ಗೆರೆ ನೋಡ್ತಾರೆ, ಕೈ ನೋಡೋದಿಲ್ಲ.

ಮೊನ್ನೆ ಸಂಜೆ ಅವರೆಕಾಯಿ ಬಿಡಿಸ್ತಾ ಕೂತಿದ್ದೆ. ಬೆಳ್ಳಿ ಅಪ್ಪನ ಪಕ್ಕ ಕೂತು ಕಾಯಿ ಸುಲೀತಿದ್ದಳು. ತಲೆ ಎತ್ತಿ ನೋಡಿದೆ. ಅವಳ ಎರಡೂ ಕೈ ನಡುಗ್ತಿದ್ದವು. ಕಾಳೆಲ್ಲ ಮಡಿಲಿಂದ ಉದುರ್ತಾ ಇತ್ತು. ಮೊರ ಎಲ್ಲಿ ಬಿಸಾಕಿದೆನೋ ಗೊತ್ತಿಲ್ಲ.

‘ಬೆಳ್ಳೀ! ಏನೇ ಅದು?’

‘ಅಪ್ಪನ ಥರ ಆಟ ಆಡ್ತಿದೀನಮ್ಮ’ ಅಂತ ನಕ್ಕಳು, ಇನ್ನೂ ನಡುಗಿಸ್ತಾ.

‘ನಿಲ್ಲಿಸು’ ಅಂದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ. ಇವರು ತಮ್ಮ ಕೈ ನಡುಗಿಸೋದನ್ನೂ ಮರೆತು ಕೂತಿದ್ದರು. ‘ನಿಲ್ಲಿಸೇ ಅಂದರೆ!’

ಅವಳು ಹೆದರಿ ನಿಲ್ಲಿಸಿದಳು. ಓಡಿಹೋಗಿ ಆ ಎರಡೂ ಪುಟ್ಟ ಕೈ ನನ್ನ ಕೈಯೊಳಗೆ ಹಿಡ್ಕೊಂಡು ಕೂತೆ, ಬೀದಿಯಲ್ಲಿ ದೀಪ ಹತ್ತೋವರೆಗೂ. ಕೈ ನಿಂತಿದ್ದವು. ನಾನು ನಿಲ್ಲಿಸು ಅಂದಾಗ ನಿಂತಿದ್ದವು.